ರಂಗ ರೆಡಿ, ಕರೆಂಟ್ ಕೊಡು

ತುಮಕೂರು
14 ಜೂನ್ 2024

ರಂಗ,

ಕಾಗದ ನೋಡಿ ನಗಬೇಡ. ಹತ್ತು ಸಲ ಫೋನ್ ಮಾಡಿದೆ. ಕೊನೆಗೆ ನಿನ್ನ ಹೆಂಡತಿ ಮಂಜುಶ್ರೀ ಎತ್ತಿ, "ಫೋನ್ ಬಡ್ಕಂಡ್ರೆ ಸಾಕು ಸರ್, ಶೂಟಿಂಗ್‌ನ ವಾಕಿಟಾಕಿಲಿ ಕರೆದ್ರು ಅಂತ ಎದ್ದು ಕೂತು ಬೆವರ್ತವ್ರೆ. ಏನಿದ್ರೂ ಕಾಗ್ದ ಬರೀರಿ" ಎಂದರು. ಇನ್ನೂರ ಎಂಬತ್ತು ಎಪಿಸೋಡ್ ಡೈರೆಕ್ಟ್ ಮಾಡಿದವನು ಈ ಒಂದು ಪುಟಕ್ಕೆ ಮೂರು ದಿನ ತೆಗೆದುಕೊಂಡಿದ್ದೇನೆ.

ಆಸ್ಪತ್ರೆಯಿಂದ ಹಾಗಲವಾಡಿಗೆ ಬಂದೆಯಂತೆ. ಒಳ್ಳೆಯದಾಯಿತು. ಕರೆಂಟ್ ಹೊಡೆದ ಬಲಗೈ ಮೊಣಕೈವರೆಗೆ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ನಾನು ಕಾರಿಡಾರಿನಲ್ಲಿ ಕೂತು ಅತ್ತೆ ಕಣೋ. ಒಂಬತ್ತು ವರ್ಷ ನನ್ನ ಪ್ರತಿ ಶಾಟಿಗೂ ಬೆಳಕು ಹಿಡಿದ ಕೈ ಅದು. ಈಗ ಬಂದಿರುವ ಲೈಟ್‌ಮ್ಯಾನ್ ಮೋಹನ್‌ಕುಮಾರ್ ಬುದ್ಧಿವಂತನೇ. ಆದರೆ ನಾಯಕಿಯ ಮುಖಕ್ಕೆ ಬೆಳಕು ಹಾಕು ಎಂದರೆ ಮೂಗಿಗೆ ಹಾಕುತ್ತಾನೆ.

ಶೂಟಿಂಗ್ ನಿಲ್ಲಿಸಿದ್ದು ನಾಲ್ಕೇ ದಿನ. ಕಲ್ಲೆದೆಯವರು ಎನ್ನಬೇಡ. ಚಾನೆಲ್ಲಿಗೆ ದಿನಕ್ಕೊಂದು ಎಪಿಸೋಡ್ ಬೇಕು, ನಲವತ್ತು ಮನೆಯ ಒಲೆ ಅದರ ಮೇಲೆ ಉರಿಯುತ್ತದೆ. ಗುಬ್ಬಿಯ ಆ ತೋಟದ ಮನೆ ಬಿಟ್ಟೆವು. ಇಲ್ಲೇ ಊರೊಳಗೆ ಒಂದು ಮನೆ ಹಿಡಿದಿದ್ದೇವೆ. ಮೊದಲ ದಿನ ಕುಂಬಳಕಾಯಿ ಒಡೆಸಿ, ಎಲ್ಲರನ್ನೂ ಸುತ್ತ ನಿಲ್ಲಿಸಿ ನಿನ್ನ ಹೆಸರು ಹೇಳಿದೆ.

ಲೇಬರ್ ಆಫೀಸಿನವರು ಬಂದು ವಿಚಾರಿಸಿ ಹೋದರು. ನಿನಗೆ ಪ್ರಜ್ಞೆ ಇರಲಿಲ್ಲ. ನಿನ್ನ ಪರವಾಗಿ ನಾನೇ ಎಲ್ಲ ಹೇಳಿ ಸಹಿ ಹಾಕಿದ್ದೇನೆ, ನೀನು ತಲೆ ಕೆಡಿಸಿಕೊಳ್ಳಬೇಡ. ನಮ್ಮ ಯೂನಿಟ್ಟಿನ ರೂಢಿ ಗೊತ್ತಲ್ಲ? ಒಬ್ಬನ ಬಾಯಿ ಕಟ್ಟಿದರೆ ಪಕ್ಕದವನು ಕೂಗಬೇಕು.

ಚೆನ್ನಾಗಿ ಉಣ್ಣು. ನಿನ್ನ ಜಾಗ ಖಾಲಿ ಇದೆ.

ನಿನ್ನ
ಭಾನುಪ್ರಕಾಶ್


ಹಾಗಲವಾಡಿ
2 ಜುಲೈ 2024

ಭಾನು ಸರ್‌ಗೆ ನಮಸ್ಕಾರ.

ಎಡಗೈ ಬರಹ. ಕಾಗೆ ಕಾಲು ಕೋಳಿ ಕಾಲು. ಫಿಸಿಯೋ ಮೇಡಂ ದಿನಾ ಅರ್ಧ ಪುಟ ಬರೆಯಿರಿ ಅಂದಿದ್ದಾರೆ. ಸುಮ್ಮನೆ ಅ ಆ ಇ ಈ ಬರೆಯುವ ಬದಲು ನಿಮಗೇ ಬರೆಯುತ್ತೇನೆ. ಇಷ್ಟಕ್ಕೆ ಬೆಳಿಗ್ಗೆಯಿಂದ ಕೂತಿದ್ದೇನೆ.

ಮಳೆ ಸೀನು ಚೆನ್ನಾಗಿ ಬಂತಾ?

ನರಸಿಂಹಣ್ಣ ಹೇಗಿದ್ದಾರೆ? ನಿಮ್ಮ ಕಾಗದದಲ್ಲಿ ಅವರ ಹೆಸರೇ ಇಲ್ಲ. ಅವತ್ತು ನನ್ನ ಏಣಿ ಹಿಡಿದಿದ್ದವರು ಅವರೇ. ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾರೆ ಅಂತಾಳೆ ಮಂಜು. ಯಾವ ಆಸ್ಪತ್ರೆ ಅಂದರೆ ಒಲೆ ಕಡೆ ಹೋಗುತ್ತಾಳೆ. ನೀವು ಹೇಳಿ.

ಆ ಐದು ನಿಮಿಷ ನನಗೆ ನೆನಪಿಲ್ಲ.

ರಂಗರಾಜು


ತುಮಕೂರು
9 ಜುಲೈ 2024

ರಂಗ,

ನಿನ್ನ ಅಕ್ಷರ ನೋಡಿ ನಮ್ಮ ಅಸಿಸ್ಟೆಂಟ್ ಡೈರೆಕ್ಟರ್ ಸುಧಾ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು.

ಮುಚ್ಚಿಟ್ಟು ಪ್ರಯೋಜನವಿಲ್ಲ. ಏಣಿಗಿಳಿದ ಕರೆಂಟಿಗೆ ನರಸಿಂಹಣ್ಣ ಅವತ್ತೇ ಹೋದರು, ಆ ಅಂಗಳದಲ್ಲೇ. ಕುಣಿಗಲ್‌ಗೆ ಒಯ್ದು ಮಣ್ಣು ಮಾಡಿದಾಗ ಇಡೀ ಯೂನಿಟ್ ಇತ್ತು. ನೀನು ತಡೆದುಕೊಳ್ಳುವುದಿಲ್ಲ, ಸ್ವಲ್ಪ ದಿನ ಹೇಳಬೇಡಿ ಎಂದು ನಿನ್ನ ಮನೆಯವರೇ ಕೇಳಿಕೊಂಡಿದ್ದರು. ಮಂಜುಶ್ರೀಯನ್ನು ಬೈಯಬೇಡ.

ಆ ಐದು ನಿಮಿಷ ನೆನಪಿಲ್ಲ ಎಂದು ಬರೆದಿದ್ದೀಯ. ಅದು ದೇವರ ದಯೆ ಎಂದುಕೋ. ಜ್ಞಾಪಿಸಿಕೊಳ್ಳಲು ಹೋಗಲೇಬೇಡ. ನಮಗೆಲ್ಲ ನೆನಪಿದೆ, ಅದೇ ಕಷ್ಟ.

ಮಳೆ ಸೀನು ಕೇಳಿದ್ದೀಯ. ಅಷ್ಟರಲ್ಲಿ ತೆಗೆದಿದ್ದನ್ನೇ ಜೋಡಿಸಿ ಹಾಕಿದೆವು, ಆ ವಾರ ಟಿಆರ್‌ಪಿ ಏರಿತು. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿನ್ನ ಬೆಳಕನ್ನು ಜನ ನೋಡಿದರು ಅಂತಲಾದರೂ ನಿನಗೆ ಗೊತ್ತಿರಲಿ.

ಯೂನಿಟ್ ಮೊದಲಿನ ಹಾಗಿಲ್ಲ. ಜನರೇಟರ್ ವ್ಯಾನಿನ ಅಡವಿಯಪ್ಪ ಹೇಳದೆ ಕೇಳದೆ ಕೆಲಸ ಬಿಟ್ಟ, ಕೋರ ಹಳ್ಳಿಯ ಹತ್ತಿರ ಯಾರದೋ ಟ್ರ್ಯಾಕ್ಟರ್ ಓಡಿಸುತ್ತಾನಂತೆ. ಸುಧಾ ಹೊಸ ಕಾಟ ಶುರು ಮಾಡಿದ್ದಾಳೆ. ಪ್ರತಿ ಶಾಟಿಗೂ ಒಬ್ಬೊಬ್ಬರ ಹತ್ತಿರ ನಡೆದು ಹೋಗಿ, ಮುಖ ನೋಡಿ, "ರೆಡಿನಾ?" ಅಂತ ಕೇಳಿ ಬರುತ್ತಾಳೆ. ವಾಕಿ ಯಾಕಿರೋದಮ್ಮ ಎಂದರೆ ಮುಂದಿನವರ ಹತ್ತಿರ ನಡೆಯುತ್ತಾಳೆ. ದಿನಕ್ಕೆ ಎರಡು ಸೀನು ಕಡಿಮೆಯಾಗುತ್ತಿದೆ. ಹುಡುಗಿ ಹೆದರಿದ್ದಾಳೆ, ಸರಿಹೋಗುತ್ತಾಳೆ.

ಭಾನು


ಹಾಗಲವಾಡಿ
6 ಆಗಸ್ಟ್ 2024

ಭಾನು ಸರ್‌ಗೆ,

ತಡವಾಯಿತು. ನರಸಿಂಹಣ್ಣನ ಸುದ್ದಿ ಓದಿದ ಮೇಲೆ ಹದಿನೈದು ದಿನ ಪೆನ್ನು ಮುಟ್ಟಲಿಲ್ಲ.

ಈಗ ಬರೆಯಲೇಬೇಕಾಗಿದೆ. ಲೇಬರ್ ಆಫೀಸಿನಿಂದ ವರದಿಯ ಪ್ರತಿ ಬಂತು. ಮಂಜು ಓದಿದಳು, ಆಮೇಲೆ ನಾನೇ ನಾಲ್ಕು ಸಲ ಓದಿದೆ. "ಲೈಟ್‌ಮ್ಯಾನ್ ರಂಗರಾಜು ತಾನೇ ರೆಡಿ ಎಂದು ತಿಳಿಸಿದ ಮೇಲೆ ವಿದ್ಯುತ್ ಹರಿಸಲಾಯಿತು" ಅಂತಿದೆ. ಕೆಳಗೆ ನಿಮ್ಮ ಸಹಿ.

ನಾನು ರೆಡಿ ಅಂದೆನಾ ಸರ್?

ನನಗೆ ನೆನಪಿರುವುದು ಇಷ್ಟೇ. ಟ್ಯಾಂಕರಿನ ನೀರು ಬಿದ್ದು ಅಂಗಳವೆಲ್ಲ ಕೆಸರು. ನಾನು ಏಣಿ ಮೇಲೆ, ಕೇಬಲ್ಲಿನ ಜಾಯಿಂಟ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ. ನರಸಿಂಹಣ್ಣ ದಾರ ಕಟ್ಟಿದ ಕನ್ನಡಕ ಟವೆಲ್ಲಿನಲ್ಲಿ ಒರೆಸಿಕೊಂಡು "ತಡಿ ಮಗ, ಏಣಿ ಜಾರ್ತದೆ, ಸರ್ಯಾಗ್ ಹಿಡ್ಕಳ್ತೀನಿ" ಅಂದರು. ಆಮೇಲೆ ಆಸ್ಪತ್ರೆಯ ಫ್ಯಾನು.

ಜಾಯಿಂಟ್ ಬಿಚ್ಚಿಟ್ಟುಕೊಂಡು ರೆಡಿ ಅನ್ನುವಷ್ಟು ದಡ್ಡನಾ ನಾನು? ಆದರೆ ನಿಮ್ಮ ಸಹಿ ಇದೆ. ಒಂಬತ್ತು ವರ್ಷದಲ್ಲಿ ನೀವು ನನಗೆ ಬೈದಿದ್ದೀರಿ, ಸುಳ್ಳು ಹೇಳಿಲ್ಲ. ಅಂದಿರಬೇಕು. ಅವಸರದಲ್ಲಿ ಬಾಯಿಗೆ ಬಂದಿರಬೇಕು. ನಮ್ಮಲ್ಲಿ ರೆಡಿ ಅನ್ನುವುದು ಕೆಮ್ಮಿನ ಹಾಗೆ, ತಾನೇ ಬರುತ್ತದೆ.

ನೀವೊಂದು ಸಲ ಹೌದು ಅಂತ ಬರೆಯಿರಿ. ಸಾಕು.

ರಂಗರಾಜು


ತುಮಕೂರು
19 ಆಗಸ್ಟ್ 2024

ರಂಗ,

ಅದನ್ನೆಲ್ಲ ಕೆದಕಬೇಡ ಎಂದು ಹೇಳಿದ್ದೆ. ಆ ಗದ್ದಲದಲ್ಲಿ ಯಾರು ಏನು ಅಂದರೋ, ಯಾರಿಗೆ ಏನು ಕೇಳಿಸಿತೋ. ಒಂದು ಮಾತು ಮಾತ್ರ ಗಟ್ಟಿಯಾಗಿ ತಿಳಿದುಕೋ, ನಿನ್ನನ್ನು ಯಾರೂ ದೂರುತ್ತಿಲ್ಲ. ಪ್ರೊಡ್ಯೂಸರ್ ನಾಗಭೂಷಣ್ ಕೂಡ "ಪಾಪ, ಬೇಕು ಅಂತ ಮಾಡಿದ್ನಾ, ಬುಡಿ" ಎಂದರು. ಯೂನಿಟ್ ಅಂದರೆ ಸಂಸಾರ ಕಣೋ. ಮನೆಯಲ್ಲಿ ಒಬ್ಬರ ಕೈಯಿಂದ ತಪ್ಪಾದರೆ ಉಳಿದವರು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ.

ನಿನಗೆ ಒಂದು ಕೆಲಸ ಯೋಚಿಸಿದ್ದೇನೆ. ನಾಳೆ ಯಾರು ಎಷ್ಟು ಗಂಟೆಗೆ ಬರಬೇಕು ಎಂಬ ಪಟ್ಟಿ ಬರೆಯುವುದು, ಕೂತಲ್ಲೇ ಮಾಡುವಂಥದ್ದು. ಎಡಗೈ ಅಷ್ಟರಲ್ಲಿ ಪಳಗುತ್ತದೆ. ನಾಗಭೂಷಣ್ ಒಪ್ಪಿದ್ದಾರೆ. ದಸರಾ ಕಳೆದ ಮೇಲೆ ಬಂದುಬಿಡು.

ಊಟ ಬಿಡಬೇಡ. ಮಂಜುಶ್ರೀಗೆ ಹೇಳು, ನಾನಿದ್ದೇನೆ ಅಂತ.

ಭಾನು


ತುಮಕೂರು
20 ಸೆಪ್ಟೆಂಬರ್ 2024

ರಂಗ,

ಒಂದು ತಿಂಗಳಾಯಿತು, ಉತ್ತರವಿಲ್ಲ. ಗಣಪತಿ ಹಬ್ಬಕ್ಕೆ ಕಳಿಸಿದ ಸ್ವೀಟ್ ಬಾಕ್ಸ್ ತಲುಪಿತೇ?

ಸಿಟ್ಟಾಗಿದ್ದೀಯಾ? ಅಥವಾ ಯಾರಾದರೂ ಲಾಯರು ಮನೆಗೆ ಬಂದು ಕಿವಿ ಊದುತ್ತಿದ್ದಾನಾ? ಅಂಥವರು ಬರುತ್ತಾರೆ, ನೋಡಿಕೊಂಡು ಮಾತಾಡು. ಅಡವಿಯಪ್ಪ ಏನಾದರೂ ಬಂದಿದ್ದನಾ? ಅವನಿಗೆ ತಲೆ ಸರಿಯಿಲ್ಲ, ಬಾಯಿಗೆ ಬಂದದ್ದು ಹೇಳುತ್ತಾನೆ ಎಂದು ಕೇಳಿದೆ.

ಎರಡು ಸಾಲು ಬರಿ.

ಭಾನು


ಹಾಗಲವಾಡಿ
21 ಅಕ್ಟೋಬರ್ 2024

ಭಾನು ಸರ್‌ಗೆ,

ಸಿಟ್ಟಿಲ್ಲ. ಯಾವ ಲಾಯರೂ ಬಂದಿಲ್ಲ, ಅಡವಿಯಪ್ಪಣ್ಣನೂ ಬಂದಿಲ್ಲ. ಬೇರೆ ಯಾರು ತಾನೇ ಏನು ಹೇಳಬೇಕು? ನಾನು ಹೌದಾ ಅಂತ ಕೇಳಿದೆ, ನೀವು ಇಲ್ಲ ಅನ್ನಲಿಲ್ಲ. ನನ್ನನ್ನು ಹೊಟ್ಟೆಗೆ ಹಾಕಿಕೊಂಡೆವು ಅಂದಿರಿ. ನಿಮ್ಮದು ದೊಡ್ಡ ಮನಸ್ಸು. ನನಗೆ ಅದು ಸಾಲಲಿಲ್ಲ.

ಕುಣಿಗಲ್‌ಗೆ ಹೋಗಿದ್ದೆ. ಮಂಜು ಬೇಡ ಅಂದಳು, ಆಮೇಲೆ ತಾನೂ ಬಂದಳು. ಕೆರೆ ಏರಿ ಕೆಳಗಿನ ಬೀದಿ. ನರಸಿಂಹಣ್ಣನ ಹೆಂಡತಿ ಲಕ್ಷ್ಮೀದೇವಮ್ಮಕ್ಕ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ನನ್ನ ಕೈ ನೋಡಿ ಮೊರ ಕೆಳಗಿಟ್ಟು "ಅಯ್ಯೋ ನನ್ನಪ್ಪ" ಅಂತ ಎದ್ದು ಬಂದರು. ಬಿಸಿಲಲ್ಲಿ ಬಂದವ್ನೆ ಅಂತ ಮಗಳು ಚೈತನ್ಯಳ ಕೈಲಿ ನೀರು ತರಿಸಿದರು. ಒಳಗೆ ಫೋಟೋ ಪಕ್ಕದಲ್ಲಿ ಆ ಕನ್ನಡಕ ಇತ್ತು, ದಾರ ಹಾಗೇ ಇತ್ತು.

ನೀರಿನ ಲೋಟ ಪಕ್ಕಕ್ಕಿಟ್ಟೆ. ಕಾಲಿಗೆ ಬಿದ್ದು, "ಅಕ್ಕ, ರೆಡಿ ಅಂದೋನು ನಾನೇ" ಅಂದೆ.

ಅವರು ಹೋಗಿ ಮತ್ತೆ ಮೊರದ ಮುಂದೆ ಕೂತರು. ಆಮೇಲೆ ಅಂದರು: "ನೀನೇ ಅಂದ್ಯಾ? ಇಷ್ಟ್ ದಿನ ಯಾರ್ನ ಬೈಬೇಕು ಅಂತ್ಲೇ ಗೊತ್ತಿರ್ಲಿಲ್ಲ ಕಣಪ್ಪ. ಕರೆಂಟ್ನ ಬೈತಿದ್ದೆ, ದೇವ್ರನ್ನ ಬೈತಿದ್ದೆ. ಇನ್ಮೇಲೆ ನಿನ್ನ ಬೈತೀನಿ. ನೀರು ಕುಡ್ಕಂಡು ಹೋಗು."

ಕುಡಿದು ಬಂದೆವು.

ಪಟ್ಟಿ ಬರೆಯುವ ಕೆಲಸ ನನಗೆ ಬೇಡ ಸರ್. ನಾಳೆ ಇಂಥವರು ಇಷ್ಟು ಗಂಟೆಗೆ ಬರಬೇಕು ಅಂತ ಬರೆಯಲು ನಾನು ಯಾರು? ಒಬ್ಬರನ್ನು ಬರದ ಹಾಗೆ ಮಾಡಿದವನು. ತೋಟದ ಬಾವಿ ಕಡೆ ಹೋಗಿ ಕೂರುತ್ತೇನೆ. ಮಂಜು ಹಿಂದೆಯೇ ಬರುತ್ತಾಳೆ, ಬಟ್ಟೆ ಒಗೆಯುವ ನೆಪ. ನೆನ್ನೆ ಒಗೆದ ಬಟ್ಟೆಯನ್ನೇ ಇವತ್ತೂ ತಂದಿದ್ದಳು. ಎಷ್ಟು ದಿನ ಒಗೆಯುತ್ತಾಳೆ?

ನಿಮ್ಮ ಋಣ ದೊಡ್ಡದು. ಇನ್ನು ಕಾಗದ ಬರೆಯುವುದಿಲ್ಲ.

ರಂಗರಾಜು


ತುಮಕೂರು
24 ಅಕ್ಟೋಬರ್ 2024

ರಂಗ,

ಈ ಕಾಗದವನ್ನು ಒಬ್ಬನ ಕೈಯಲ್ಲಿ ಕೊಟ್ಟು ಇವತ್ತೇ ಕಳಿಸುತ್ತಿದ್ದೇನೆ. ಓದುವವರೆಗೂ ಬಾವಿಯ ಕಡೆ ಹೋಗಬೇಡ. ಮಂಜುಶ್ರೀ, ನೀವು ಮೊದಲು ಒಡೆದರೂ ಸರಿ, ಅವನಿಗೆ ಓದಿ ಹೇಳಿ.

ನೀನು ರೆಡಿ ಅನ್ನಲಿಲ್ಲ. ನಾನು ಅಂದೆ.

ಸಂಜೆ ಐದಾಗುತ್ತಿತ್ತು. ಟ್ಯಾಂಕರಿನಲ್ಲಿ ನೀರು ಮುಗಿಯುತ್ತಿತ್ತು, ಇನ್ನೊಂದು ಟ್ಯಾಂಕರ್ ಸಿಗುವಂತಿರಲಿಲ್ಲ. ಚಾನೆಲ್ಲಿನವರು ಫೋನಿನಲ್ಲಿ "ಇವತ್ತು ಮುಗೀತದಾ ಇಲ್ವಾ" ಅಂತ ಮೂರನೇ ಸಲ ಕೇಳಿದರು. ಸುಧಾ ಬಂದು "ರಂಗಣ್ಣನ ದನಿ ಕೇಳ್ಲಿಲ್ಲ ಸರ್" ಎಂದಳು. ನಾನು ಅವಳ ಕೈಯಿಂದ ವಾಕಿ ಕಿತ್ತುಕೊಂಡು "ರಂಗ ರೆಡಿ, ಕರೆಂಟ್ ಕೊಡು" ಎಂದೆ. ಅಡವಿಯಪ್ಪ ಕೊಡಲಿಲ್ಲ. "ಅವ್ನೇ ಅಂದ್ನಾ ಸರ್?" ಅಂತ ಕೇಳಿದ. ಲೈಟ್‌ಮ್ಯಾನ್ ಬಾಯಿಂದ ಕೇಳದೆ ಕೊಡಬಾರದು ಅಂತ ಅವನಿಗೆ ಗೊತ್ತಿತ್ತು.

ನಾನು "ಹ್ಞೂಂ" ಅಂದೆ.

ಇಷ್ಟೇ ರಂಗ. ಒಂದು ಹ್ಞೂಂ. ಒಬ್ಬರ ಪರವಾಗಿ ಇನ್ನೊಬ್ಬರು ರೆಡಿ ಅನ್ನುವ ರೂಢಿ ಹಾಕಿದವನೇ ನಾನು. ಯಾರೂ ಬೈಸಿಕೊಳ್ಳಬಾರದು, ಯೂನಿಟ್ ಒಂದೇ ದನಿಯಲ್ಲಿ ಮಾತಾಡಬೇಕು ಅಂತ. ಬೇರೆ ಸೀರಿಯಲ್‌ನವರು ಹೊಟ್ಟೆಕಿಚ್ಚು ಪಡುತ್ತಿದ್ದರು. ನಾನು ಎದೆಯುಬ್ಬಿಸಿಕೊಂಡು ತಿರುಗಿದೆ.

ಆಸ್ಪತ್ರೆಯಲ್ಲಿ ನೀನು ಬದುಕುವುದಿಲ್ಲ ಎಂದಿದ್ದರು. ಸತ್ತವನ ಹೆಸರಿನಲ್ಲಿ ಬರೆದರೆ ಯಾರಿಗೂ ನಷ್ಟವಿಲ್ಲ ಎಂದು ನಾಗಭೂಷಣ್ ಹೇಳಿದರು, ನಾನು ಬರೆದೆ. ನೀನು ಬದುಕಿದೆ. ನನಗೆ ಸಂತೋಷವಾಯಿತು, ಭಯವೂ ಆಯಿತು. ಯಾವುದು ಹೆಚ್ಚು ಎಂದು ಕೇಳಬೇಡ.

ನೀನು ನಿರಪರಾಧಿ. ಇದನ್ನು ತಿಳಿದುಕೊಂಡು ಉಣ್ಣು, ಮಲಗು, ಬದುಕು. ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು. ನನಗಾಗಿ ಅಲ್ಲ, ನಲವತ್ತು ಮನೆಗಾಗಿ. ಇದು ಹೊರಗೆ ಹೋದರೆ ಸೀರಿಯಲ್ ನಿಲ್ಲುತ್ತದೆ.

ಭಾನುಪ್ರಕಾಶ್


ಹಾಗಲವಾಡಿ
2 ನವೆಂಬರ್ 2024

ಸರ್,

ಕಾಗದವನ್ನು ಮಂಜು ಓದಿದಳು. ಓದಿ ಮುಗಿಸಿ ಬಾವಿ ಹತ್ತಿರವೇ ಕೂತು ನಿಮ್ಮನ್ನು ಬೈದಳು. ಅವಳು ಅಷ್ಟು ಬೈದದ್ದನ್ನು ನಾನು ನೋಡಿರಲಿಲ್ಲ. ಅವತ್ತು ರಾತ್ರಿ ಎರಡು ಮುದ್ದೆ ಉಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಹಸಿವಾಗಿತ್ತು.

ಎರಡು ದಿನ ಕಳೆದ ಮೇಲೆ ಸಿಟ್ಟು ಬಂತು. ಕೈಗಾಗಿ ಅಲ್ಲ. ನನ್ನನ್ನು ಕ್ಷಮಿಸಿದ್ದೀರಲ್ಲ, ಅದಕ್ಕೆ. ಕುಂಬಳಕಾಯಿ ಕಳ್ಳ ಅಂದರೆ ನಾನು ಮೂರು ತಿಂಗಳು ಹೆಗಲು ಮುಟ್ಟಿ ನೋಡಿಕೊಂಡೆ. ಕಾಯಿ ನಿಮ್ಮ ಹೆಗಲ ಮೇಲಿತ್ತು.

ನಾನೂ ಸಾಚಾ ಅಲ್ಲ. ಹೋದ ವರ್ಷ ಸುಧಾಗೆ ಜ್ವರ ಬಂದು ಮಲಗಿದ್ದಾಗ ಅವಳ ಪರವಾಗಿ ನಾನು ಎಷ್ಟು ಸಲ ರೆಡಿ ಅಂದಿಲ್ಲ? ನೀವು ಭುಜ ತಟ್ಟುತ್ತಿದ್ದಿರಿ, ನಾನು ಹಿಗ್ಗುತ್ತಿದ್ದೆ. ಆವಾಗ ಯಾರೂ ಸಾಯಲಿಲ್ಲ, ಅಷ್ಟೇ ವ್ಯತ್ಯಾಸ.

ಕಾಗದ ಒಲೆಗೆ ಹಾಕಿಲ್ಲ. ಪೆಟ್ಟಿಗೆಯಲ್ಲಿದೆ. ದೇವಮ್ಮಕ್ಕ ಈಗಲೂ ದಿನಾ ನನ್ನನ್ನು ಬೈಯುತ್ತಿರುತ್ತಾರೆ. ಅದನ್ನು ನಿಲ್ಲಿಸುವುದು ನನ್ನ ಕೈಲಿಲ್ಲ, ನಿಮ್ಮ ಪರವಾಗಿ ನಾನು ಹೋಗಿ ಹೇಳುವುದೂ ಇಲ್ಲ. ಅದು ಮತ್ತೆ ಅದೇ ರೂಢಿ ಆಗುತ್ತದೆ. ನೀವೇ ಬಂದು ನಿಮ್ಮ ಬಾಯಿಂದ ಹೇಳಬೇಕು. ಆಮೇಲೆ ಲೇಬರ್ ಆಫೀಸು.

ಹದಿಮೂರನೇ ತಾರೀಕು ಬುಧವಾರ, ಹನ್ನೊಂದು ಗಂಟೆಗೆ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ನೀವು ಬಂದರೆ ಕಾಗದ ನಿಮ್ಮ ಕೈಗೇ ಕೊಡುತ್ತೇನೆ.

ರಂಗರಾಜು


ತುಮಕೂರು
8 ನವೆಂಬರ್ 2024

ರಂಗ,

ಬರುತ್ತೇನೆ. ಅವತ್ತು ದೇವರಾಯನದುರ್ಗದಲ್ಲಿ ಶೂಟಿಂಗ್ ಇದೆ, ಸುಧಾಗೆ ಒಪ್ಪಿಸಿ ಬರುತ್ತೇನೆ. ನೀನು ಹೇಳಿದ್ದು ಸರಿ. ನಾನು ರೆಡಿ.

ಭಾನು


ಹಾಗಲವಾಡಿ
14 ನವೆಂಬರ್ 2024

ಸರ್,

ತುಮಕೂರಿನಿಂದ ಬಂದ ಬಸ್ಸು ಒಂಬತ್ತು ನೋಡಿದೆ. ಮೊದಲಿನ ನಾಲ್ಕಕ್ಕೆ ಎದ್ದು ನಿಂತೆ, ಆಮೇಲೆ ಕೂತೇ ನೋಡಿದೆ. ಶೂಟಿಂಗ್ ತಡವಾಗಿರಬಹುದು ಅಂತ ಮಂಜುಗೆ ಹೇಳಿದೆ. "ನೀವ್ಯಾಕೆ ಅವ್ರ ಪರ ಹೇಳ್ತೀರ?" ಅಂದಳು.

ಎರಡು ಗಂಟೆಗೆ ದೇವಮ್ಮಕ್ಕನ ಮನೆಗೆ ಹೋದೆವು. ದೊಡ್ಡವರು ಒಬ್ಬರು ಬಂದು ಮಾತಾಡುತ್ತಾರೆ ಅಂತಷ್ಟೇ ಮೊದಲೇ ತಿಳಿಸಿದ್ದೆ. ನನ್ನ ಮೇಲಿನ ಕೋಪವಿದ್ದರೂ ಬರುವವರಿಗೆ ಅಂತ ಅನ್ನ ಸಾರು ಮಾಡಿಟ್ಟಿದ್ದರು. ಜಗಲಿಗೆ ಚಾಪೆ ಹಾಸಿದ್ದರು. ಮೂರು ಗಂಟೆಗೆ ಕೇಳಿದರು, "ಬರ್ತಾರೇನಪ್ಪ?"

ಬರ್ತಾರಕ್ಕ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಒಂಬತ್ತು ವರ್ಷದ ಅಭ್ಯಾಸ. ನುಂಗಿಕೊಂಡೆ. "ಗೊತ್ತಿಲ್ಲ ಅಕ್ಕ. ಅವ್ರ ವಿಚಾರ ನಂಗ್ ಗೊತ್ತಿಲ್ಲ" ಅಂದೆ.

ನಾಲ್ಕೂವರೆಗೆ ಮಂಜು ನಿಮ್ಮ ಕಾಗದ ತೆಗೆದು ಚೈತನ್ಯಳ ಕೈಗೆ ಕೊಟ್ಟಳು. ನಾನು ಎದ್ದು ಬೀದಿಗೆ ಹೋದೆ. ಆ ಹುಡುಗಿ ನಿಧಾನವಾಗಿ ಓದುತ್ತಿದ್ದಳು. ಹ್ಞೂಂ ಅನ್ನುವಲ್ಲಿಗೆ ಬಂದಾಗ ನಿಂತಳು. ದೇವಮ್ಮಕ್ಕ ಇನ್ನೊಂದು ಸಲ ಓದು ಅಂದರು. ಎರಡು ಸಲ ಓದಿಸಿದರು.

ಆಮೇಲೆ ಹೊರಗೆ ಬಂದು ನನ್ನ ಪಕ್ಕ ನಿಂತರು. "ನಿನ್ನ ಬೈದಿದ್ದು ವಾಪಸ್ ತಗಳಕಾಗಲ್ಲ ಕಣಪ್ಪ. ಮಾತು ಆಡಿದ್ರೆ ಹೋಯ್ತು. ಆದ್ರೂ ಅವ್ರು ಏಣಿ ಹಿಡ್ದಿದ್ದು ನಿನ್ಗೇ ತಾನೆ?" ಅಂದರು. ಹೌದು ಅಂದೆ. ಅದು ನಿಜ. ಅದನ್ನು ಯಾವ ಕಾಗದವೂ ಅಳಿಸುವುದಿಲ್ಲ. ಮಾಡಿಟ್ಟ ಅನ್ನವನ್ನು ನಮಗೆ ಬಡಿಸಿದರು. ಯಾರೂ ಸರಿಯಾಗಿ ಉಣ್ಣಲಿಲ್ಲ.

ಇವತ್ತು ಬೆಳಿಗ್ಗೆ ಲೇಬರ್ ಆಫೀಸಿಗೆ ಹೋಗಿದ್ದೆ. ಅಡವಿಯಪ್ಪಣ್ಣನೂ ಬಂದಿದ್ದ, ನಾನೇ ಕೋರದಿಂದ ಕರೆಸಿದ್ದೆ. ಅವನು ವಾಕಿಯಲ್ಲಿ ಏನು ಕೇಳಿದ, ನೀವು ಏನಂದಿರಿ, ಎಲ್ಲ ಬರೆಸಿದ. ಅವನೂ ಐದು ತಿಂಗಳು ತಾನೇ ಕೊಂದೆ ಅಂದುಕೊಂಡಿದ್ದನಂತೆ. ಒಂದು ಸಾವಿಗೆ ನಿಮ್ಮನ್ನು ಬಿಟ್ಟು ಇಬ್ಬರು ಅಳುತ್ತಿದ್ದೆವು ಸರ್.

ಸೀರಿಯಲ್ ನಿಲ್ಲಬಹುದು. ನಲವತ್ತು ಮನೆಯವರು ನನಗೆ ಶಾಪ ಹಾಕಬಹುದು. ಅದನ್ನೂ ಯೋಚಿಸಿದೆ. ಸುಧಾಗೆ ಮಾತ್ರ ಹೇಳಿ, ಅವಳು ನಡೆದು ಹೋಗಿ ಮುಖ ನೋಡಿ ಕೇಳುವುದನ್ನು ನಿಲ್ಲಿಸಬಾರದು. ಎರಡು ಸೀನು ಹೋದರೆ ಹೋಗಲಿ.

ನನ್ನ ಹೇಳಿಕೆಯ ಕೆಳಗೆ ಸಹಿ ಹಾಕುವಾಗ ಗುಮಾಸ್ತರು ನನ್ನ ಕೈ ನೋಡಿ, "ನಿಮ್ಮ ಹೆಂಡ್ತಿ ಹಾಕ್ಬಹುದು, ಪರವಾಗಿಲ್ಲ" ಅಂದರು. ಬೇಡ ಅಂದೆ. ಎಡಗೈಯಲ್ಲಿ ನಾನೇ ಹಾಕಿದೆ. ಸ್ವಲ್ಪ ಹೊತ್ತು ಹಿಡಿಯಿತು, ಅವರು ಕಾದರು.

ರಂಗರಾಜು